ಗೇಟು ಹಾಕಿದ ಮೇಲೆ

ಮೊನ್ನೆ ಮುದ್ದೇಬಿಹಾಳದ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಹೋಗುತ್ತಿದ್ದಾಗ ಒಂದು ಅಂಗಡಿಯ ಮುಂದೆ ನನ್ನ ಕಾಲು ತಾನಾಗಿಯೇ ನಿಂತಿತು. ಬಾಗಿಲಲ್ಲಿ ಶೇಂಗಾ ಹಿಂಡಿಯ ಚೀಲಗಳನ್ನು ಒಟ್ಟಿದ್ದರು. ಪಕ್ಕದ ಬಕೆಟ್ಟಿನಲ್ಲಿ ಯಾರದೋ ಎಮ್ಮೆಗೆಂದು ನೆನೆಹಾಕಿದ ಹತ್ತಿಕಾಳು ಉಬ್ಬಿ ನಿಂತಿತ್ತು. ಎಣ್ಣೆಯ ಜಿಡ್ಡಿನ, ತುಸು ಹುಳಿ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಹೈಸ್ಕೂಲಿನ ಹುಡುಗಿಯಾಗಿ, ಎರಡು ಜಡೆಯನ್ನು ಮಡಚಿ ರಿಬ್ಬನ್ನು ಕಟ್ಟಿಕೊಂಡು, ನಮ್ಮ ಹಳೆಯ ಮನೆಯ ಒಂದು ಮುಚ್ಚಿದ ಬಾಗಿಲ ಮುಂದೆ ನಿಂತಿದ್ದೆ. "ಏನ್ ಕೊಡ್ಲಿರಿ ಅಮ್ಮಾರ?" ಎಂದು ಅಂಗಡಿಯವನು ಕೇಳಿದ. ಏನೂ ಬೇಡವೆಂದು ಮುಂದೆ ನಡೆದೆ. ನಿಮಗೂ ಹೀಗೆ ಆಗಿರಬಹುದು. ಕಳೆದುಹೋದ ಮನೆಯೊಂದು ಎಲ್ಲೋ ಒಂದು ಚೀಲದ ಬಾಯಿಂದ ಎದ್ದು ಬರುತ್ತದೆ, ಮುಟ್ಟಲು ಹೋದರೆ ಇರುವುದಿಲ್ಲ.

ಎಪ್ಪತ್ತರ ದಶಕದ ಮಾತು. ಸಿಂದಗಿಯಿಂದ ಆಲಮೇಲಕ್ಕೆ ಹೋಗುವ ದಾರಿಯ ಒಂದು ದೊಡ್ಡ ಊರಿನಲ್ಲಿ ನನ್ನ ಅಪ್ಪ ಸರಕಾರಿ ಹೈಸ್ಕೂಲಿನ ಹೆಡ್ ಮಾಸ್ತರರಾಗಿದ್ದರು. ಊರಗೌಡರ ಹಳೆಯ ಮಾಳಿಗೆ ಮನೆಯಲ್ಲಿ ನಾವು ನಾಲ್ಕು ಜನ ಇದ್ದೆವು: ಅಪ್ಪ, ಅವ್ವ, ಅಪ್ಪನ ತಾಯಿ ಆಯಿ, ಮತ್ತೆ ನಾನು. ಮಣ್ಣಿನ ಗೋಡೆಗಳು ಎಷ್ಟು ದಪ್ಪವೆಂದರೆ ಬೇಸಿಗೆಯ ನಡುಮಧ್ಯಾಹ್ನವೂ ಪಡಸಾಲೆಯಲ್ಲಿ ಕೊಡದ ನೀರಿನ ತಂಪು. ಬೆಳಕಿಂಡಿಯಿಂದ ಬಿಸಿಲಿನ ಒಂದು ಕೋಲು ಇಳಿದು ನೆಲದ ಮೇಲೆ ನಿಧಾನವಾಗಿ ಸರಿಯುತ್ತಿತ್ತು. ಅಡಿಗೆಮನೆಯ ಆಚೆ ಎಮ್ಮೆ ಕಟ್ಟುವ ಜಾಗ, ಅದಕ್ಕೆ ಅಂಟಿಕೊಂಡು ಹೊಟ್ಟು, ಹಿಂಡಿ, ಹತ್ತಿಕಾಳು ತುಂಬಿಡುವ ಒಂದು ಕೋಣೆ. ಹೊಟ್ಟಿನ ಕೋಣೆ ಎನ್ನುತ್ತಿದ್ದೆವು. ಅದರ ಇನ್ನೊಂದು ಬಾಗಿಲು ಹಿತ್ತಲಿಗೆ ತೆರೆಯುತ್ತಿತ್ತು. ಹಿತ್ತಲು ದಾಟಿದರೆ ಶಾಲೆಯ ಗೋಡೆ.

ಅಪ್ಪ ಕೆಟ್ಟವರಲ್ಲ, ಆದರೆ ಸಂಶಯದ ಮನುಷ್ಯರು. ಹುಡುಗರು ಹೇಳುವ ಕಾರಣ ಯಾವುದೇ ಇರಲಿ, ಅದು ಮೊದಲು ಸುಳ್ಳೇ ಆಗಿರುತ್ತದೆಂದು ಅವರ ನಂಬಿಕೆ. ತಡವಾಗಿ ಬಂದವನು "ಬಸ್ ಕೆಟ್ಟಿತ್ರಿ ಸರ್" ಎಂದರೆ ಸಂಜೆ ಬಸ್ ನಿಲ್ದಾಣಕ್ಕೆ ಹೋಗಿ ಕಂಡಕ್ಟರನನ್ನು ವಿಚಾರಿಸುತ್ತಿದ್ದರು. ತಲೆನೋವೆಂದು ಹೊರಟವನ ಬೆರಳು ಮೂಸಿ ನೋಡಿ ಬೀಡಿ ಹುಡುಕುತ್ತಿದ್ದರು. ಊರ ಹೊರಗೆ ಟೂರಿಂಗ್ ಟಾಕೀಸಿನ ಡೇರೆ ಬಂದಾಗಲಂತೂ ಮ್ಯಾಟನಿ ಬಿಡುವ ಹೊತ್ತಿಗೆ ಹುಣಸೆಮರದ ಮರೆಯಲ್ಲಿ ಛತ್ರಿ ಹಿಡಿದು ನಿಂತಿರುತ್ತಿದ್ದರು. ಅದೂ ಸಾಲದೆಂದು ಊರಿನ ಹಿರಿಯರನ್ನು ಕಾಡಿ ಬೇಡಿ ಶಾಲೆಗೊಂದು ಕಬ್ಬಿಣದ ಗೇಟು ಮಾಡಿಸಿದರು. ಪ್ರಾರ್ಥನೆ ಮುಗಿದೊಡನೆ ಜವಾನ ಮಲ್ಲಪ್ಪ ಅದಕ್ಕೆ ಕೀಲಿ ಹಾಕಬೇಕು. ಆಮೇಲೆ ಬಂದವರಿಗೆ ಒಂದೇ ಮಾತು: ನಾಳೆ ಬಾ. ಭೀಮಾ ನದಿಯ ಕಡೆಯ ಹಳ್ಳಿಗಳಿಂದ ಬರುವ ಮಕ್ಕಳಿಗೆ ಇದ್ದದ್ದು ಒಂದೇ ಬಸ್ಸು. ಅದು ಮನಸ್ಸು ಬಂದಾಗ ಬರುತ್ತಿತ್ತು, ತಿರುಗಿ ಹೋಗುತ್ತಿದ್ದದ್ದು ಸಂಜೆಗೇ. ಗೇಟಿನ ಹೊರಗೆ ಉಳಿದ ಆ ಮಕ್ಕಳು ದಿನವಿಡೀ ಎಲ್ಲಿರುತ್ತಾರೆ ಎಂದು ಅಪ್ಪ ಕೇಳಿಕೊಳ್ಳುತ್ತಿರಲಿಲ್ಲವೆಂದಲ್ಲ. ಹಗಲೆಲ್ಲ ಅದನ್ನೇ ಕೇಳುತ್ತಿದ್ದರು, ಆದರೆ ಪೊಲೀಸರು ಕೇಳುವಂತೆ.

ಆ ಸಂಶಯದ ಪಾಲು ನನಗೂ ಸಿಕ್ಕಿತ್ತು. ನಾನು ತರಗತಿಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. "ಸುಮ್ನಿರ್ರೇ, ಮಾಸ್ತರ ಮಗಳು ಬಂದ್ಲು" ಎಂದು ಯಾರೋ ಹಿಂದಿನ ಬೆಂಚಿನಿಂದ ಅನ್ನುತ್ತಿದ್ದರು. ಮನೆಗೆ ಬಂದರೆ ಅಪ್ಪ ಚಹದ ಬಟ್ಟಲು ಹಿಡಿದು, "ಇವತ್ತ ಯಾರ್ಯಾರು ಬಂದಿರ್ಲಿಲ್ಲ? ಎಲ್ಲಿ ಹೋಗಿದ್ರಂತ?" ಎಂದು ಮೆಲ್ಲಗೆ ಕೇಳುತ್ತಿದ್ದರು. ನನಗೆ ಗೊತ್ತಿಲ್ಲವೆಂದರೆ ನಂಬುತ್ತಿರಲಿಲ್ಲ. ಅತ್ತ ಗೆಳತಿಯರೂ ನಂಬುತ್ತಿರಲಿಲ್ಲ. ನಡುವೆ ನಾನು ಒಬ್ಬಳೇ, ನನ್ನ ಕಂಪಾಸ್ ಪೆಟ್ಟಿಗೆ ಹಿಡಿದುಕೊಂಡು.

ಒಂದು ದಿನ ಆ ಕಂಪಾಸ್ ಪೆಟ್ಟಿಗೆಯನ್ನೇ ಮರೆತು ಬಂದಿದ್ದೆ. ಮಲ್ಲಪ್ಪನನ್ನು ಬೇಡಿಕೊಂಡು ಗೇಟು ತೆಗೆಸಿ ಮನೆಗೆ ಓಡಿದೆ. ಕಟ್ಟೆಯ ಮೇಲೆ ಆಯಿ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ನನ್ನನ್ನು ಕಂಡದ್ದೇ ಅವಳಿಗೆ ಜೋರು ಕೆಮ್ಮು ಹತ್ತಿತು. ಅಂಥ ಕೆಮ್ಮು ಬೆಳಿಗ್ಗೆ ಇರಲಿಲ್ಲ.

"ಯಾಕವ್ವಾ, ಈ ಹೊತ್ತಿನ್ಯಾಗ ಬಂದಿ?" ಎಂದಳು. ಉತ್ತರ ಕೇಳುವ ಮೊದಲೇ ಮತ್ತೆ ಕೆಮ್ಮಿದಳು.

ಒಳಗೆ ಹೋದೆ. ಅವ್ವ ಅಡಿಗೆಮನೆಯಲ್ಲಿರಲಿಲ್ಲ. ಒಲೆ ಆರಿತ್ತು. ಬುಟ್ಟಿಯಲ್ಲಿ ಬಟ್ಟೆ ಮುಚ್ಚಿಟ್ಟ ರೊಟ್ಟಿಯ ಥಪ್ಪಿ ನಾವು ನಾಲ್ಕು ಜನ ತಿನ್ನುವುದಕ್ಕಿಂತ ಎತ್ತರವಿತ್ತು. ಎಮ್ಮೆ ಮೆಲುಕು ಹಾಕುತ್ತಿತ್ತು. ಹೊಟ್ಟಿನ ಕೋಣೆಯ ಬಾಗಿಲು ಒಳಗಿನಿಂದ ಮುಚ್ಚಿತ್ತು. ಅದರ ಹಿಂದೆ ಯಾರೋ ಗಂಡಸು ಒಡಕು ದನಿಯಲ್ಲಿ ಏನೋ ಗುನುಗಿದ. ಆಮೇಲೆ ಅವ್ವ ನಕ್ಕಳು. ಅವ್ವ ನಗುವುದನ್ನು ನಾನು ಕೇಳಿದ್ದೇ ಕಡಿಮೆ, ಅಪ್ಪನ ಮುಂದೆ ಒಮ್ಮೆಯೂ ಇಲ್ಲ. ಹಿಂದಿನಿಂದ ಬಂದ ಆಯಿ ನನ್ನ ರಟ್ಟೆ ಹಿಡಿದು, "ಎಮ್ಮಿಗೆ ಔಷಧ ಹಾಕಾಕ ಯಾರೋ ಬಂದಾರ. ನೀ ಸಾಲಿಗಿ ನಡಿ" ಎಂದು ಹೊರಗೆ ತಳ್ಳಿದಳು.

ಅಂದಿನಿಂದ ನಾನು ಅವ್ವನ ಮೇಲೆ ಕಣ್ಣಿಟ್ಟೆ. ಹೇಗೆ ಕಣ್ಣಿಡಬೇಕೆಂಬುದನ್ನು ಅಪ್ಪನಿಂದಲೇ ಕಲಿತಿದ್ದೆ. ಅವಳು ಈಗ ನಸುಕಿಗೇ ಎದ್ದು ರೊಟ್ಟಿ ಬಡಿದು ಮುಗಿಸುತ್ತಿದ್ದಳು. ಅಪ್ಪ ಹೊರಟ ಮೇಲೆ ತಲೆ ಬಾಚಿ ಸೀರೆಯ ನಿರಿಗೆ ಸರಿಪಡಿಸಿಕೊಳ್ಳುತ್ತಿದ್ದಳು. ಒಮ್ಮೊಮ್ಮೆ ತನಗೆ ತಾನೇ ತುಟಿ ಅಲ್ಲಾಡಿಸುತ್ತಿದ್ದಳು. ಸಂಜೆ ಅವಳ ಸೆರಗಿನ ಅಂಚಿಗೆ ಬಿಳಿಯ ಪುಡಿ ಮೆತ್ತಿರುತ್ತಿತ್ತು. ಮುಖಕ್ಕೆ ಹಚ್ಚುವ ಪೌಡರೇ ಇರಬೇಕೆಂದುಕೊಂಡೆ. "ಅವ್ವಾ, ಎಮ್ಮಿಗೆ ಏನಾಗಿತ್ತು?" ಎಂದು ಕೇಳಿದೆ. "ಎಮ್ಮಿಗೆ ಏನಾಗ್ತೈತಿ? ಛಲೋ ಐತಲಾ" ಎಂದಳು. ಅತ್ತೆ ಸೊಸೆಯ ಸುಳ್ಳು ಒಂದಕ್ಕೊಂದು ಕೂಡಿರಲಿಲ್ಲ. ಅಪ್ಪ ಎಂದಿನಂತೆ ಚಹ ಹಿಡಿದು "ಎಲ್ಲಿ ಹೋಗಿದ್ರಂತ?" ಎಂದು ಕೇಳುವಾಗ ಆ ಪ್ರಶ್ನೆ ಬೇರೆ ಯಾರದೋ ಬಗ್ಗೆ ಎನಿಸುತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ ಮನೆ ಮನೆಯಾಗಿ ಉಳಿಯುವುದಿಲ್ಲವೆಂದು ಅಷ್ಟು ಚಿಕ್ಕ ವಯಸ್ಸಿಗೂ ತಿಳಿದಿತ್ತು.

ಆ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಭೀಮಣ್ಣ ಎಂಬ ಹುಡುಗನಿದ್ದ. ನದಿಯ ಕಡೆಯ ಹಳ್ಳಿಯವನು, ಕುರಿ ಕಾಯುವವರ ಮನೆಯವನು. ಬಸ್ಸು ತಪ್ಪಿದರೆ ನಡೆದೇ ಬರುತ್ತಿದ್ದ, ಆದ್ದರಿಂದ ಗೇಟಿನ ಹೊರಗೆ ಉಳಿಯುವವರಲ್ಲಿ ಅವನದೇ ಮೊದಲ ಹೆಸರು. ಇವನನ್ನು ಪರೀಕ್ಷೆಗೆ ಕಳಿಸುವುದಿಲ್ಲವೆಂದು ಅಪ್ಪ ನಿಶ್ಚಯಿಸಿ ಅವನ ತಂದೆಯನ್ನು ಕರೆಸಿದರು. ಕಂಬಳಿ ಹೊದ್ದ ಮುದುಕ ಶಾಲೆಯ ಪಡಸಾಲೆಯಲ್ಲಿ ಕೈಮುಗಿದು ನಿಂತಿದ್ದ. ನಾವೆಲ್ಲ ಕಿಟಕಿಗೆ ಮುಗಿಬಿದ್ದು ನೋಡುತ್ತಿದ್ದೆವು.

"ನಸುಕಿನ್ಯಾಗ ಮನಿ ಬಿಡ್ತಾನ್ರಿ ಸಾಹೇಬ್ರ. ಬುತ್ತಿ ಕಟ್ಕೊಂಡು ಬರ್ತಾನ್ರಿ" ಎಂದ.

"ಹಂಗಾರ ಸಾಲಿಗಿ ಬರದ ಎಲ್ಲಿ ಹೋಗ್ತಾನ? ನೀವ ಕೇಳ್ರಿ" ಎಂದರು ಅಪ್ಪ.

ಮುದುಕ ಮಗನ ಕಡೆ ತಿರುಗಿದ. ಅಲ್ಲಿಯವರೆಗೂ ನಂಬಿಕೆಯಿದ್ದ ಆ ಮುಖದಲ್ಲಿ ಸಂಶಯ ಬಂದು ಕೂತದ್ದನ್ನು ನಾನು ಕಣ್ಣಾರೆ ಕಂಡೆ. "ಎಲ್ಲಿ ಹೊಕ್ಕೀಯೋ? ಹೇಳ" ಎಂದ. ಭೀಮಣ್ಣ ನೆಲ ನೋಡುತ್ತ ನಿಂತ. "ಇಸ್ಪೀಟ ಆಡ್ತೀಯೇನು? ಕುಡೀತೀಯೇನು? ಬೊಗಳ!" ಮುದುಕ ಕೈಲಿದ್ದ ಕೋಲನ್ನೇ ಎತ್ತಿದ. ಬೆನ್ನಿಗೆ ಬಿದ್ದ ಏಟಿನ ಸಪ್ಪಳ ಅಂಗಳದ ತುದಿಯವರೆಗೂ ಕೇಳಿಸಿತು. ಅಪ್ಪನೇ ಕೊನೆಗೆ ನಡುವೆ ಬಂದು ಬಿಡಿಸಬೇಕಾಯಿತು. ಭೀಮಣ್ಣ ಅಳಲಿಲ್ಲ, ಏನೂ ಹೇಳಲೂ ಇಲ್ಲ.

ಸಂಜೆ ಅದನ್ನು ಮನೆಯಲ್ಲಿ ಹೇಳಿದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅವಳ ಕೈ ನಿಂತಿತು.

"ಎಲ್ಲಿ ಹೊಡದ್ರು?"

"ಬೆನ್ನಿಗೆ."

"ಅಂವ ಏನಂದ?"

"ಏನೂ ಅನ್ಲಿಲ್ಲ."

ಹಂಚಿನ ಮೇಲಿನ ರೊಟ್ಟಿ ಕರಿದಾಯಿತು. ಅವ್ವ ನೋಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ಆಯಿ ಮಾತ್ರ, "ಇನ್ನ ಮುಚ್ಚಿಡಬ್ಯಾಡವ್ವಾ" ಎಂದಳು.

ಮರುದಿನ ಪ್ರಾರ್ಥನೆ ಮುಗಿದು ಗೇಟಿಗೆ ಕೀಲಿ ಬಿದ್ದು ಬಹಳ ಹೊತ್ತಾಗಿರಲಿಲ್ಲ. ಹೊರಗಿನಿಂದ ಯಾರೋ ಗೇಟಿನ ಚಿಲಕ ಬಡಿದರು. ತರಗತಿಗಳ ಕಿಟಕಿಗಳಲ್ಲಿ ತಲೆಗಳು ಕಾಣಿಸಿದವು. ಅವ್ವ ನಿಂತಿದ್ದಳು. ತಲೆ ತುಂಬ ಸೆರಗು, ಹಿಂದೆ ಏಳೆಂಟು ಹುಡುಗ ಹುಡುಗಿಯರು, ಪಕ್ಕದಲ್ಲಿ ಭೀಮಣ್ಣ. ಹೆಡ್ ಮಾಸ್ತರರ ಹೆಂಡತಿ ಶಾಲೆಯ ಹತ್ತಿರ ಬಂದದ್ದನ್ನು ಅದಕ್ಕೆ ಮೊದಲು ಯಾರೂ ನೋಡಿರಲಿಲ್ಲ. ಮಲ್ಲಪ್ಪ ಕೀಲಿ ಕೈಯಲ್ಲೇ ಹಿಡಿದು ಅಪ್ಪನ ಮುಖ ನೋಡಿದ. ಅಪ್ಪ ಗೇಟಿನವರೆಗೆ ನಡೆದು ಹೋದರು.

"ಏನಿದು?"

"ಇವರು ತಪ್ಪಿಸ್ಕೊಂಡು ಎಲ್ಲೂ ಹೋಗಿಲ್ರಿ" ಎಂದಳು ಅವ್ವ. ಅವಳ ದನಿ ಎಲ್ಲರಿಗೂ ಕೇಳುತ್ತಿತ್ತು. "ನೀವು ಗೇಟ್ ಹಾಕಿಸಿದ ಮ್ಯಾಲೆ ನಮ್ಮ ಹೊಟ್ಟಿನ ಕೋಣ್ಯಾಗ ಕೂತು ಲೆಕ್ಕಾ ಮಾಡ್ತಾರ್ರಿ."

"ಯಾರು ಹೇಳಿಕೊಡ್ತಾರ?"

"ನಾ."

ಅಪ್ಪ ಕಂಬಿಗಳ ಆಚೆಯಿಂದ ಅವಳನ್ನು ನೋಡುತ್ತಲೇ ಇದ್ದರು. ಬೀಡಿ ಸೇದಿದ ಹುಡುಗನ ಬೆರಳು ನೋಡುವ ಹಾಗೆ ಅವಳ ಬೆರಳು ನೋಡಿದರು. ಅವುಗಳಿಗೆ ಸುಣ್ಣದ ಕಡ್ಡಿಯ ಪುಡಿ ಮೆತ್ತಿತ್ತು. ಆ ಪುಡಿ ಏನೆಂದೂ, ಬಾಗಿಲ ಹಿಂದಿನ ಒಡಕು ದನಿ ಭೀಮಣ್ಣನದೆಂದೂ ನನಗೆ ತಿಳಿದದ್ದು ಆಗಲೇ. ಹಿಂದಿನಿಂದ ಒಬ್ಬ ಹುಡುಗಿ ಸಣ್ಣ ದನಿಯಲ್ಲಿ, "ಹೌದ್ರಿ ಸರ್, ಅಕ್ಕಾರು ಛಲೋ ಹೇಳ್ತಾರ್ರಿ" ಎಂದಳು. ಟೀಚರಮ್ಮನಿಗೆ ನಮ್ಮ ಕಡೆ ಅನ್ನುವ ಮಾತು ಅಕ್ಕಾರು. ಅವ್ವನನ್ನು ಯಾರೋ ಹಾಗೆ ಕರೆದದ್ದು ಕೇಳಿ ನನಗೆ ಅಳು ಬಂತು. ಅಪ್ಪ ಮಲ್ಲಪ್ಪನಿಗೆ ಕೈಸನ್ನೆ ಮಾಡಿದರು. ಮಕ್ಕಳು ಒಬ್ಬೊಬ್ಬರಾಗಿ ಒಳಗೆ ಬಂದರು. ಅವ್ವ ಹೊರಗೇ ಉಳಿದಳು. ಆಮೇಲೆ ತಿರುಗಿ, ಓಣಿಯ ಕಟ್ಟೆಗಳ ಮೇಲೆ ಕೂತವರ ಕಣ್ಣುಗಳ ನಡುವೆ ನಡೆದು ಮನೆಗೆ ಹೋದಳು.

ಉಳಿದದ್ದನ್ನು ಆಯಿ ಹೇಳಿದಳು. ಅವ್ವ ಇಂಡಿ ಊರಿನ ಹೈಸ್ಕೂಲಿನಲ್ಲಿ ಓದಿದವಳು. ಗಣಿತವೆಂದರೆ ಅವಳಿಗೆ ಪ್ರಾಣ. ಮದುವೆಯ ಮಾತುಕತೆಯಲ್ಲಿ ಅವಳ ತಂದೆ, ಮುಂದೆ ಹುಡುಗಿಯನ್ನು ಮಾಸ್ತರಿಕೆಯ ಟ್ರೇನಿಂಗಿಗೆ ಕಳಿಸಬೇಕೆಂದು ಕೇಳಿದ್ದರಂತೆ. ಅಪ್ಪ "ನೋಡೂಣಂತ" ಎಂದಿದ್ದರಂತೆ. "ಅಂವ ಮುಂದ ನೋಡ್ಲೇ ಇಲ್ಲ" ಎಂದಳು ಆಯಿ. ಒಂದು ಬಿರುಬಿಸಿಲಿನ ದಿನ ಗೇಟಿನ ಹೊರಗೆ ನಿಂತಿದ್ದ ಮಕ್ಕಳನ್ನು ನೀರು ಕುಡಿಸಲೆಂದು ಒಳಗೆ ಕರೆದವಳು ಆಯಿಯೇ. ಭೀಮಣ್ಣನ ತಪ್ಪು ಲೆಕ್ಕ ನೋಡಿ ಸುಮ್ಮನಿರಲಾರದೆ ಕೂತವಳು ಅವ್ವ.

ಅಪ್ಪ ಭೀಮಣ್ಣನನ್ನು ಪರೀಕ್ಷೆಗೆ ಕಳಿಸಿದರು, ಅವನು ಪಾಸೂ ಆದ. ಗೇಟಿಗೆ ಕೀಲಿ ಹಾಕುವುದೂ ನಿಂತಿತು. ತಡವಾಗಿ ಬಂದವರು ಹಿಂದಿನ ಬೆಂಚಿನಲ್ಲಿ ಕೂತರಾಯಿತು. ಊರು ಅಪ್ಪನನ್ನು ಹೊಗಳಿತು. ಆದರೆ ಗೇಟಿನಲ್ಲಿ ಬಿಟ್ಟ ಸಂಶಯವನ್ನು ಅವರು ಮನೆಯೊಳಗೆ ತಂದುಕೊಂಡರು. ತಮಗೆ ತಿಳಿಯದೆ ತಮ್ಮ ಮನೆಯಲ್ಲೇ ಇಷ್ಟು ನಡೆಯಿತೆಂಬುದು ಅವರಿಗೆ ಚುಚ್ಚುತ್ತಿತ್ತು. "ಅವ್ವ ಇವತ್ತ ಯಾರ ಕೂಡ ಮಾತಾಡಿದ್ಲು?" ಎಂದು ಈಗ ನನ್ನನ್ನು ಕೇಳುತ್ತಿದ್ದರು. ಅವ್ವ ಕೆಲವು ದಿನ ಹಳೆಯ ರೂಢಿಯಲ್ಲಿ ನಸುಕಿಗೇ ರೊಟ್ಟಿ ಮುಗಿಸಿ, ತಲೆ ಬಾಚಿ, ಹಿತ್ತಲ ಬಾಗಿಲಲ್ಲಿ ಕೂರುತ್ತಿದ್ದಳು. ಯಾರೂ ಬರುತ್ತಿರಲಿಲ್ಲ. ಬರುವ ಕಾರಣವೂ ಇರಲಿಲ್ಲ. ಮಕ್ಕಳಿಗೆ ಶಾಲೆ ತೆರೆದಿತ್ತು.

ಮುಂದಿನ ವರ್ಷ ಗಣಿತದ ಮಾಸ್ತರರು ಕಾಯಿಲೆ ಬಿದ್ದು ರಜೆಯ ಮೇಲೆ ಹೋದಾಗ, ಅಪ್ಪ ಒಂದು ಸಂಜೆ ಉತ್ತರಪತ್ರಿಕೆಗಳ ಕಟ್ಟು ತಂದು ಪಡಸಾಲೆಯ ಜಮಖಾನದ ಮೇಲಿಟ್ಟರು. ಬಹಳ ಹೊತ್ತು ಅದರ ದಾರ ಎಳೆಯುತ್ತ ಕೂತು, ಮುಖ ಎತ್ತದೆ, "ಇವನ್ನ ನೀ ಒಂದಿಷ್ಟು ನೋಡ್ತೀಯೇನು?" ಎಂದರು. ಅವ್ವ ಕೈ ಒರೆಸಿಕೊಂಡು ಬಂದಳು. ಬಾಗಿ ಮೇಲಿನ ಹಾಳೆಯ ಮೇಲೆ ಕಣ್ಣಾಡಿಸಿದಳು. ಅವಳ ತುಟಿ ಅಲ್ಲಾಡಿತು. ಲೆಕ್ಕ ತಪ್ಪಿದ್ದ ಸಾಲಿನ ಹತ್ತಿರ ಬೆರಳು ನಿಂತದ್ದನ್ನು ನಾನು ನೋಡಿದೆ, ಅಪ್ಪನೂ ನೋಡಿದರು.

"ನನಗೇನ್ ತಿಳೀತೈತ್ರಿ ಅದರಾಗ" ಎಂದು ಅವಳು ಬೆರಳು ತೆಗೆದಳು. ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದಳು.

ಜೀವಮಾನವೆಲ್ಲ ಇನ್ನೊಬ್ಬರ ಸುಳ್ಳು ಹುಡುಕಿದ ಅಪ್ಪ ಆ ಸುಳ್ಳನ್ನು ಕಂಡೂ ಏನೂ ಅನ್ನಲಿಲ್ಲ. ತಾವೇ ಕೆಂಪು ಶಾಯಿ ತೆಗೆದುಕೊಂಡು ಕೂತರು.

ಆಮೇಲೆ ಅವರಿಗೆ ಬಸವನ ಬಾಗೇವಾಡಿಗೆ ವರ್ಗವಾಯಿತು. ಎಮ್ಮೆಯನ್ನು ಊರಲ್ಲೇ ಯಾರಿಗೋ ಕೊಟ್ಟೆವು. ಆಯಿ ಅಲ್ಲಿಗೆ ಹೋದ ಮೊದಲ ಚಳಿಗಾಲಕ್ಕೆ ತೀರಿಕೊಂಡಳು. ಈಗ ಅಪ್ಪನೂ ಇಲ್ಲ, ಅವ್ವನೂ ಇಲ್ಲ, ಗೌಡರ ಮನೆಯ ಜಾಗದಲ್ಲಿ ಸಿಮೆಂಟಿನ ಅಂಗಡಿಗಳು ನಿಂತಿವೆಯಂತೆ. ಮುಂದೆ ನನಗೂ, ನನ್ನ ಮಕ್ಕಳಿಗೂ ಎಷ್ಟೋ ಲೆಕ್ಕಗಳು ಬರದೆ ಹೋದವು. ಅವ್ವ ಪಕ್ಕದಲ್ಲೇ ಕೂತು ಹೂ ಕಟ್ಟುತ್ತಿದ್ದಳು, ಕಾಳು ಆರಿಸುತ್ತಿದ್ದಳು. ಹೇಳಿಕೊಡೆಂದು ಕೇಳಿದರೆ ನಗುತ್ತಿದ್ದಳು, ಸದ್ದಿಲ್ಲದೆ. ಆ ಬಾಗಿಲ ಹಿಂದಿನಿಂದ ಒಮ್ಮೆ ಕೇಳಿದ್ದ ನಗು ಮತ್ತೆ ನನಗೆ ಕೇಳಿಸಲಿಲ್ಲ.