ಅಂಗಿಗೆ ಎರಡು ಎಡತೋಳು

ಸೋದರಮಾವನ ಹೊಲಿಗೆ ಅಂಗಡಿಯಲ್ಲಿ ಅಳತೆಯ ವಿಷಯಕ್ಕೆ ಅಕ್ಕನ ಮಾತಿಗೆ ಎದುರು ಮಾತಿರಲಿಲ್ಲ. ಗಿರಾಕಿ ಬಾಗಿಲಲ್ಲಿ ನಿಂತರೆ ಸಾಕು, ಟೇಪು ಮುಟ್ಟದೆ ಎದೆಯಳತೆ ಹೇಳುವ ಹೆಂಗಸು. ಅಂಥವಳ ತಮ್ಮ, ಅಂಗಡಿಯ ಕಟಿಂಗ್ ಮಾಸ್ಟರ್, ಒಂದು ಬೆಳಿಗ್ಗೆ ಒಂದೇ ಅಂಗಿಗೆ ಎರಡೂ ಎಡತೋಳುಗಳನ್ನೇ ಕತ್ತರಿಸಿಟ್ಟ.

ಹಿಂದಿನ ವರ್ಷ ಅವನಿಗೆ ಇಲ್ಲದ ದನಿಗಳು ಕೇಳುತ್ತಿದ್ದವು. ಮಾತ್ರೆ ಶುರುವಾದ ಮೇಲೆ ನಿಂತವು; ಮನೆಯವರು ಸದ್ಯ ಗೆದ್ದೆವು ಎಂದುಕೊಂಡರು. ಆದರೆ ಹುರುಪು ಮರಳಿ ಬರಲಿಲ್ಲ. ಮುಖದಲ್ಲಿ ನಗುವಿಲ್ಲ, ಸಿಟ್ಟೂ ಇಲ್ಲ. ಕೇಳಿದರೆ ಒಂದು ಮಾತು, ಕೇಳದಿದ್ದರೆ ಅದೂ ಇಲ್ಲ. ಮೂರು ಕೆಲಸ ಒಟ್ಟಿಗೆ ಹೇಳಿದರೆ ಎರಡನೆಯದರಲ್ಲೇ ದಾರಿ ತಪ್ಪುತ್ತಿದ್ದ.

"ಮೈಗಳ್ಳತನ, ಇನ್ನೇನು? ಬೇರೆ ಮಾಸ್ಟರ್‌ನ ನೋಡಿದೀನಿ, ತಿಂಗಳ ಕೊನೆಗೆ ಬರ್ತಾನೆ," ಎಂದರು ಮಾವ.

"ಮೈಗಳ್ಳ ಆಗಿದ್ರೆ ದಿನಾ ಅಂಗಡಿಗೆ ಬರ್ತಿದ್ನಾ ಮಾವ? ಇದೂ ಕಾಯಿಲೆನೇ, ದನಿ ಹೋದಷ್ಟು ಬೇಗ ಹೋಗಲ್ಲ ಅಂತ ಡಾಕ್ಟರು ಹೇಳಿದಾರೆ. ತಿಂಗಳ ಕೊನೆ ತನಕ ಅವನನ್ನ ನನಗೆ ಬಿಡಿ."

ಈ ಕಟಿಂಗ್ ಮೇಜಿನ ಕೆಲಸ ಕೈತಪ್ಪಿದರೆ ತಮ್ಮ ಹಾಸಿಗೆ ಬಿಟ್ಟೇಳುವುದಿಲ್ಲ ಎಂದು ಅಕ್ಕನಿಗೆ ಭಯವಿತ್ತು. ಆದರೆ ಭಯಕ್ಕೆ ಮಣೆ ಹಾಕಿ ಕೂರಿಸುವವಳಲ್ಲ ಅವಳು. ಮೇಜಿನ ಮೇಲೆ ಒಂದೇ ಬಟ್ಟೆ ಇಟ್ಟಳು, ಉಳಿದ ರಾಶಿ ತನ್ನ ಹೊಲಿಗೆ ಯಂತ್ರದ ಹಿಂದೆ. ತೋಳಿನ ಬಟ್ಟೆಯನ್ನು ಎರಡು ಪದರ ಮಡಚಿಯೇ ಕೊಟ್ಟಳು. ಹಾಗೆ ಕತ್ತರಿಸಿದರೆ ಎಡದ್ದು, ಬಲದ್ದು ತಾನಾಗಿ ಜೋಡಿ ಬರುತ್ತದೆ. "ಇದನ್ನ ಕತ್ತರಿಸು," ಅಷ್ಟೇ. ಅದು ಮುಗಿದ ಮೇಲೆ ಮುಂದಿನದು. ಯಾಕೆ ಮಂಕಾಗಿದೀಯ ಎಂದು ಒಮ್ಮೆಯೂ ಕೇಳಲಿಲ್ಲ. ನಿಧಾನವಾಗಿ, ಆದರೆ ತಪ್ಪಿಲ್ಲದೆ ರಾಶಿ ಕರಗತೊಡಗಿತು. ಮಾವ ಮಾತ್ರ "ಬೊಂಬೆ ಆಡಿಸಿದ ಹಾಗಾಯ್ತು" ಎಂದು ಮೂಗು ಮುರಿದರು.

ತಿಂಗಳ ಕೊನೆಗೆ ಹೊಸ ಮಾಸ್ಟರ್ ಬಂದೇಬಿಟ್ಟ. ದಪ್ಪನೆಯ ಕೋಟಿನ ಬಟ್ಟೆ ಕತ್ತರಿಸುತ್ತಿದ್ದ ತಮ್ಮ ಅರ್ಧಕ್ಕೇ ಕೈ ನಿಲ್ಲಿಸಿದ.

"ಮಾವ, ಈ ಕತ್ತರಿ ಮೊಂಡಾಗಿದೆ. ಬಟ್ಟೆ ಜಗೀತಿದೆ. ಇದ್ರಲ್ಲಿ ನಾನು ಕೆಲಸ ಮಾಡಲ್ಲ."

ಎಷ್ಟೋ ತಿಂಗಳಾದ ಮೇಲೆ, ಯಾರೂ ಕೇಳದೆ ಅವನಾಡಿದ ಮೊದಲ ಮಾತು, ಅದೂ ತಕರಾರು! ಅಕ್ಕನಿಗೆ ಅಳು, ನಗು ಎರಡೂ ಒಟ್ಟಿಗೆ ಬಂದವು. ಮಾವ ಕತ್ತರಿ ತೆಗೆದುಕೊಂಡು ಹೆಬ್ಬೆರಳಿನಿಂದ ಅಲಗು ಸವರಿ ನೋಡಿದರು. ನಿಜಕ್ಕೂ ಮೊಂಡಾಗಿತ್ತು.

"ಬೇಜಾರು ಮಾಡ್ಕೋಬೇಡಪ್ಪ," ಎಂದರು ಬಂದವನಿಗೆ, ಚಪ್ಪಲಿ ಮೆಟ್ಟುತ್ತಾ. "ನಮ್ಮ ಮಾಸ್ಟರ್ ಕತ್ತರಿಗೆ ಸಾಣೆ ಹಿಡಿಸಬೇಕು. ಕೆಲಸ ನಿಂತಿದೆ, ನಾನು ಹೊರಟೆ."