ಸಪ್ಪಳ ಹಿಡಿದು ಓದಿಸಿದ ಅಕ್ಕೋರು

ಎಪ್ಪತ್ತರ ದಶಕದಲ್ಲಿ ಖಾನಾಪುರದ ನಮ್ಮ ಪಕ್ಕದ ಮನೆಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿದ್ದರು. ಓಣಿಗೆಲ್ಲ ಅವರು ಅಕ್ಕೋರು. ಗಂಡಸರು ಎದುರಾದರೆ ಸೆರಗು ಎಳೆದುಕೊಂಡು ಗೋಡೆಯ ಬದಿಗೆ ಸರಿಯುವಷ್ಟು ಸಂಕೋಚ ಅವರಿಗೆ.

ಎಂಟು ವರ್ಷವಾದರೂ ಓದಲು ಬಾರದ ನನ್ನ ಮಗಳು ಶಾಲೆ ಎಂದರೆ ಅಳುತ್ತಿದ್ದಳು. ಕೊನೆಗೆ ಶಾಲೆ ಬಿಡಿಸಿ ಮನೆಯಲ್ಲೇ ಕಲಿಸತೊಡಗಿದೆವು. ಮಾವನವರು ಇಡೀ ವರ್ಣಮಾಲೆಯನ್ನು ಬಾಯಿಪಾಠ ಮಾಡಿಸಿದರು. ಅವಳು ತಪ್ಪಿಲ್ಲದೆ ಒಪ್ಪಿಸುತ್ತಿದ್ದಳು; ಪುಸ್ತಕ ತೆರೆದರೆ ಮಾತ್ರ ಒಂದಕ್ಷರವೂ ಗುರುತು ಹತ್ತುತ್ತಿರಲಿಲ್ಲ.

"ಎಲ್ಲಾ ಒಮ್ಮೆಲೆ ಬ್ಯಾಡ್ರಿ. ಮೊದಲ ಸಪ್ಪಳ ಕೇಳ್ಲಿ," ಎಂದರು ಇದನ್ನು ಕಂಡ ಅಕ್ಕೋರು. ತಾವೇ ಬಂದು ಕೂತು ಮೂರ್ನಾಲ್ಕು ಅಕ್ಷರ ಆರಿಸಿ, ಒಂದೊಂದರ ಸಪ್ಪಳವನ್ನೂ ಎಳೆದು ಹೇಳಿಸಿ, ಕೂಡಿಸಿ 'ಮರ', 'ಸರ' ಮಾಡಿಸಿದರು. ಮಗಳು ತಡವರಿಸಿದರೆ ಉತ್ತರ ಹೇಳಿಬಿಡುತ್ತಿರಲಿಲ್ಲ. "ಗಡಿಬಿಡಿ ಇಲ್ಲವಾ, ನಾ ಕುಂತೀನಿ," ಎನ್ನುತ್ತಿದ್ದರು.

ಕೆಲವು ತಿಂಗಳ ನಂತರ ಅಕ್ಕೋರು, ಮಗಳು, ನಾನು ಮೂವರೂ ಬೆಳಗಾವಿಗೆಂದು ಬಸ್ ನಿಲ್ದಾಣಕ್ಕೆ ಹೋಗಿದ್ದೆವು. ಎದುರಿನ ಬಸ್ಸಿನ ಫಲಕ ನೋಡಿ ಮಗಳು ತಾನಾಗಿಯೇ ಶುರುಮಾಡಿದಳು: "ನಂ... ದ..." ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ, ಬಸ್ಸು ಅಲುಗಿತು. ಅಕ್ಕೋರು ಓಡಿಹೋಗಿ ಅದರ ಮುಂದೆ ಕೈ ಚಾಚಿ ನಿಂತುಬಿಟ್ಟರು.

"ಬಾಜೂಕ ಸರೀರಿ ಬಾಯಾರ! ಏನಾತು?" ಎಂದು ಡ್ರೈವರ್ ಕೂಗಿದ.

"ತಡೀರಿ! ಹುಡುಗಿ ಓದಾಕತ್ತಾಳ!"

ಒಳಗಿದ್ದವರೆಲ್ಲ ಕಿಟಕಿಯಿಂದ ಇಣುಕಿದರು.

"...ಗ... ಡ. ನಂದಗಡ! ಅವ್ವಾ, ನಂದಗಡ!"

ಡ್ರೈವರ್ ನಕ್ಕ. "ಖರೇನ ಓದ್ಯಾಳ್ರಿ. ನಂದಗಡಕ್ಕ ಹೊಂಟೇವಿ."

ಅಕ್ಕೋರು ದಾರಿ ಬಿಟ್ಟು ಕಣ್ಣೊರೆಸಿಕೊಂಡರು. ಮಗಳು ನನ್ನ ಕೈ ಬಿಡಿಸಿಕೊಂಡು ಮುಂದಿನ ಬಸ್ಸಿನ ಫಲಕದತ್ತ ಓಡಿದಳು.