ಗಾಲಿ, ಗಾಳಿ ಮತ್ತು ನಾನು

ಕಳೆದ ಭಾನುವಾರ ನನಗೆ ಗಾಳಿ ಬಿಡಿಸಿದರು.

ಹೌದು, ನನಗೇ. ನಮ್ಮ ಕಡೆ ದೆವ್ವ ಅನ್ನುವುದಿಲ್ಲ, ಮರ್ಯಾದೆಯಿಂದ 'ಗಾಳಿ' ಅನ್ನುತ್ತೇವೆ. ಮೈಮೇಲೆ ಭಂಡಾರದ ಅರಿಸಿನ ಎರಚಿ, ಬೇವಿನ ತಪ್ಪಲು ಝಾಡಿಸಿ, ಸುತ್ತ ನಾಲ್ಕು ಜನ ಗಟ್ಟಿಮುಟ್ಟಾದ ಗಂಡಸರು ನಿಂತು ಶಾಸ್ತ್ರೋಕ್ತವಾಗಿ ಬಿಡಿಸಿದರು. ಒಬ್ಬನ ಕೈಯಲ್ಲಿ ಹಗ್ಗ ಬೇರೆ. ಹನ್ನೆರಡು ವರ್ಷದಿಂದ ಕಾಲೇಜಿನಲ್ಲಿ ಕನ್ನಡ ಕಲಿಸುವ ನನಗೆ ಇದೇನಾಯಿತು ಎಂದು ಗಾಬರಿಯಾಗಬೇಡಿ. (ಸುದ್ದಿ ಕೇಳಿ ನನ್ನ ವಿದ್ಯಾರ್ಥಿಗಳಿಗೆ ಅಷ್ಟೇನೂ ಆಶ್ಚರ್ಯವಾಗಲಿಲ್ಲ ಎಂಬುದು ಬೇರೆ ಮಾತು.) ಹಿಡಿದದ್ದು ದೆವ್ವವಲ್ಲ, ಕೆಸರು. ಅದೂ ನನ್ನನ್ನಲ್ಲ, ನಮ್ಮ ಜೀಪನ್ನು.

ಇಷ್ಟಕ್ಕೆಲ್ಲ ಮೂಲ ಟೈರು.

ನಮ್ಮವರು ದನದ ಡಾಕ್ಟರು ಎಂಬುದು ಈ ಅಂಕಣ ಓದುವವರಿಗೆಲ್ಲ ಗೊತ್ತು. ಹೋದ ವರ್ಷ ಇಳಕಲ್ಲಿನ ಕಲ್ಲುಗಣಿಯ ಕಂಟ್ರಾಕ್ಟರರೊಬ್ಬರಿಂದ ಹಳೇ ಜೀಪೊಂದನ್ನು ಕೊಂಡರು. ಇಂಜಿನ್ ಗಟ್ಟಿ. ಫೋರ್ ವೀಲ್ ಗೇರೂ ಗಟ್ಟಿ. ಹಾರ್ನ್ ಇರಲಿಲ್ಲ. ಟೈರುಗಳು ಮಾತ್ರ ನಮ್ಮ ಪ್ರಿನ್ಸಿಪಾಲರ ತಲೆಯ ಹಾಗೆ ನುಣ್ಣಗೆ. ಈ ಮಳೆಗಾಲಕ್ಕೆ ಮುಂಚೆ ಹೊಸ ಟೈರು ಹಾಕಿಸಲೇಬೇಕು ಎಂದು ಹಟ ಹಿಡಿದರು.

ಈ ಮನುಷ್ಯ ನನ್ನನ್ನು ನೋಡಲು ಬಂದಾಗ ನಮ್ಮ ಮನೆಯಲ್ಲಿ ಕೂತದ್ದು ಹದಿನೈದು ನಿಮಿಷ. ಅದರಲ್ಲಿ ಹತ್ತು ನಿಮಿಷ ಅವಲಕ್ಕಿ ತಿಂದರು. (ಉಳಿದ ಐದು ನಿಮಿಷ ಹಿತ್ತಲಿನಲ್ಲಿ ನಮ್ಮಪ್ಪನ ಎಮ್ಮೆ ನೋಡಿದರು.) ಹೂಂ ಅಂದು ಎದ್ದು ಹೋದರು. ಆದರೆ ಟೈರು ನೋಡಲು? ಮೂರು ವಾರ! ಮೂರು ಭಾನುವಾರ ಹುನಗುಂದದಿಂದ ಬಾಗಲಕೋಟೆಗೆ ಬಸ್ ಹತ್ತಿ ಹೋದರು, ಮೂರು ಸಲವೂ ಬರಿಗೈಯಲ್ಲಿ ಬಂದರು. ಬರಿಗೈ ಅಂದರೆ ತಪ್ಪಾದೀತು. ಅಮೀನಗಡದಲ್ಲಿ ಬಸ್ ನಿಂತಾಗ ಕರದಂಟು ಕಟ್ಟಿಸಿಕೊಂಡು ಬರುತ್ತಿದ್ದರು, ನನ್ನ ಬಾಯಿ ಮುಚ್ಚಿಸಲು.

ನಾಲ್ಕನೆಯ ಸಲ ನಾನೇ ಜೊತೆಗೆ ಹೊರಟೆ.

ಹುಸೇನಸಾಬರದು ಸಣ್ಣ ಟೈರಂಗಡಿ. ಬಿಳಿ ಗಡ್ಡ, ಮೂಗಿನ ತುದಿಯಲ್ಲಿ ಕನ್ನಡಕ, ಗೋಡೆಗೆ ಆನಿಸಿಟ್ಟ ಟೈರುಗಳ ನಡುವೆ ಸ್ಟೂಲ್ ಹಾಕಿಕೊಂಡು ಕೂತಿದ್ದರು. ಇವರನ್ನು ಕಂಡದ್ದೇ ತಲೆಗೆ ಕೈ ಹಚ್ಚಿಕೊಂಡರು.

"ಮತ್ತ ಬಂದ್ರ್ಯಾ ಡಾಕ್ಟರ? ಖರೆ ಹೇಳ್ರಿ ಒಮ್ಮೆ, ನಿಮ್ಮ ಗಾಡಿ ಓಡಾಡೂದು ಎರಿಯಾಗೋ, ಮಸಾರಿಯಾಗೋ?"

ಎರಿ ಅಂದರೆ ಕರಿಮಣ್ಣು. ಹಸಿಯಾಯಿತೆಂದರೆ ಕಾಲಿನ ಚಪ್ಪಲಿ ಕಿತ್ತಿಟ್ಟುಕೊಂಡು ನಮ್ಮನ್ನು ಮುಂದಕ್ಕೆ ಕಳಿಸುತ್ತದೆ. ಮಸಾರಿ ಕೆಂಪು ಮಣ್ಣು, ಅಷ್ಟು ಅಂಟುಬುರುಕ ಅಲ್ಲ.

"ಎರಡರಾಗೂ. ಮ್ಯಾಲ ಬಾದಾಮಿ ಕಡಿ ಗುಡ್ಡಾನೂ ಹತ್ತಬೇಕು," ಅಂದರು ಇವರು.

"ಹಂಗಾರ ಎರಡ ಜೀಪ ತೊಗೋರಿ."

ನಾನು ನಕ್ಕೆ. ಇವರು ನಗಲಿಲ್ಲ.

ಆಮೇಲೆ ಸಾಬರು ಒಂದೊಂದೇ ಟೈರು ಉರುಳಿಸಿ ತಂದು ಪಾಠ ಮಾಡಿದರು. ಸಣ್ಣ ಹಲ್ಲು ಒತ್ತೊತ್ತಾಗಿರುವ ಟೈರು ಎರಿಯಲ್ಲಿ ನಾಲ್ಕು ಸುತ್ತು ತಿರುಗುವುದರೊಳಗೆ ಮಣ್ಣು ತುಂಬಿಕೊಂಡು ಉಂಡೆಯಾಗುತ್ತದೆ. ಹಲ್ಲು ದೊಡ್ಡದಿರಬೇಕು, ನಡುವಿನ ಸಂದು ಅಗಲವಿರಬೇಕು, ಆಗ ತಿರುಗುವಾಗಲೇ ಮಣ್ಣು ಸಿಡಿದುಹೋಗುತ್ತದೆ. ತೀರ ಅಗಲದ ಟೈರು ಶೋಕಿಗೆ ಸರಿ. ನಮ್ಮ ಎರಿಗೆ ಕಿರಿದಾದದ್ದೇ ಬೇಕು, ಅದು ಮೇಲಿನ ಕೆಸರು ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಮುಟ್ಟುತ್ತದೆ. ಆದರೆ ಅದೇ ದೊಡ್ಡ ಹಲ್ಲು ಗುಡ್ಡದ ಕಲ್ಲಿನ ಮೇಲೆ ಹೋದರೆ? ತುದಿಗಾಲಲ್ಲಿ ನಿಂತ ಹಾಗೆ. ಜಾರುತ್ತದೆ.

"ಅದಕ್ಕ ಗಾಳಿ ಐತೆಲ್ರಿ," ಅಂದರು ಸಾಬರು. "ಗುಡ್ಡ ಹತ್ತೂಮುಂದ ಅರ್ಧ ಗಾಳಿ ಇಳಸ್ರಿ. ಟೈರ ಮೆತ್ತಗಾಗಿ ಕಲ್ಲ ತಬ್ಕೋತೈತಿ. ಕೆಸರಾಗ ಸಿಕ್ರೂ ಅದ ಔಷಧ. ಕೆಳಗಿಳದ ಮ್ಯಾಲ ಕೈಪಂಪಿಲೆ ತುಂಬ್ಕೋರಿ. ಅರ್ಧ ಕೆಲಸ ಟೈರಿಂದು, ಅರ್ಧ ಗಾಳಿದು."

ದೊಡ್ಡ ಹಲ್ಲಿನ ನಾಲ್ಕು ಟೈರು ಜೀಪಿಗೆ ಬಂದವು. ಇವರು ಅವಕ್ಕೆ ಕಲ್ಲಿನಂತೆ ಗಾಳಿ ತುಂಬಿಸಿದರು. "ಸಾಬರು ಹೇಳಿದ್ದು..." ಎಂದು ನಾನು ಬಾಯಿ ತೆರೆದೆ. "ಗಾಳಿ ಕಡಿಮಿ ಆದ್ರ ಟೈರ ಸವೀತಾವು. ನಿನಗ ಅದೆಲ್ಲ ತಿಳಿಯೂದಿಲ್ಲ ಬಿಡು," ಅಂದರು.

ತಿಳಿಯುವುದಿಲ್ಲವೇ? ಹೋದ ಬೇಸಿಗೆಯಲ್ಲಿ ಕಾಲೇಜು ಮೈದಾನದಲ್ಲಿ ನನಗೆ ಇದೇ ಜೀಪು ಓಡಿಸಲು ಕಲಿಸಿದವರು ಇವರೇ. ಕಲಿತೆ. ಲೈಸೆನ್ಸೂ ಬಂತು. ಅಂದಿನಿಂದ ಸ್ಟೀರಿಂಗ್ ಒಮ್ಮೆಯೂ ನನ್ನ ಕೈಗೆ ಬಂದಿಲ್ಲ. ಯಾಕೆ ಅಂದರೆ, ರಸ್ತೆ ಸರಿ ಇಲ್ಲವಂತೆ. ನಮ್ಮ ಕಡೆ ರಸ್ತೆ ಯಾವತ್ತು ಸರಿ ಇತ್ತು?

ಇರಲಿ. ಭಾನುವಾರಕ್ಕೆ ಬರುತ್ತೇನೆ.

ಮುಂಜಾನೆ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ನಿಂತಿದ್ದಳು. ಹೆಸರು ಯಲ್ಲವ್ವ. ಬಾದಾಮಿ ಕಡೆಯ ಗುಡ್ಡದ ಮೇಲೆ ಇವಳ ಕುರಿದಡ್ಡಿ. ಮೊದಲ ಬಸ್ ಹಿಡಿದು ಡಾಕ್ಟರರನ್ನು ಹುಡುಕಿಕೊಂಡು ಬಂದಿದ್ದಳು. ಒಳಗೆ ಬಂದು ಕೂಡು ಅಂದರೂ ಕೂಡಲಿಲ್ಲ, ಚೌಕಟ್ಟು ಹಿಡಿದುಕೊಂಡೇ ಮಾತಾಡಿದಳು.

"ನಿನ್ನಿ ಚೆಂಜಿತನಕಾ ನೆಟ್ಟಗಿದ್ದುವ್ರಿ ಸಾಹೇಬ್ರ. ಬೆಳಗಾಗೂದರಾಗ ಹನ್ನೊಂದ ಹೋದುವು. ಗಿರ್ ಅಂತ ತಿರಗ್ತಾವು, ಬೀಳ್ತಾವು, ಮುಗೀತು. ಇನ್ನ ನೂರಾ ಎಂಬತ್ತ ಅದಾವ್ರಿ. ಅವೂ ಹೋದ್ರ ನಾವು ಏನ ಕಾಯೂದ್ರಿ?"

ಅಳಲಿಲ್ಲ ಅವಳು. ಅತ್ತಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಮೊದಲ ಮಳೆಗೆ ಚಿಗುರಿದ ಎಳೆ ಹುಲ್ಲು ಹೊಟ್ಟೆತುಂಬ ಮೇಯ್ದ ಕುರಿಗೆ ಬರುವ ಕರುಳುಬೇನೆ ಇದು. ಉಳಿದ ಕುರಿಗಳಿಗೆ ಆವತ್ತೇ ಲಸಿಕೆ ಚುಚ್ಚಬೇಕು ಎಂದರು ಇವರು. ಲಸಿಕೆಯನ್ನು ತಂಪಿನಲ್ಲಿಯೇ ಒಯ್ಯಬೇಕು. ಸೋಡಾ ಅಂಗಡಿಯಿಂದ ಐಸು ತಂದು ದೊಡ್ಡ ಮರದ ಪೆಟ್ಟಿಗೆಯಲ್ಲಿ ತುಂಬಿ, ಅದರ ನಡುವೆ ಬಾಟಲಿ ಇಟ್ಟೆವು. ನಲವತ್ತು ಕುರಿಗೆ ಸಾಕಾಗುವಷ್ಟನ್ನು ಒಂದು ಫ್ಲಾಸ್ಕಿನಲ್ಲಿ ಬೇರೆ ಇಟ್ಟರು. ಐಸು ಕರಗಿದರೆ ಲಸಿಕೆ ಬರೀ ನೀರು, ಅಷ್ಟೇ. ಯಲ್ಲವ್ವನ ಜೊತೆ ಹಿಂದೆ ನಾನೂ ಕೂತೆ.

ಎರಿ ದಾರಿಯಲ್ಲಿ ಹೊಸ ಟೈರು ಹೇಳಿದ ಹಾಗೆ ಕೇಳಿದವು. ಹಲ್ಲಿನ ಸಂದಿಯಿಂದ ಮಣ್ಣು ಸಿಡಿದು ಹೋಗುತ್ತಿತ್ತು. ಇವರು ಒಂದೊಂದು ಮೈಲಿಗೊಮ್ಮೆ ತಿರುಗಿ, "ಹೆಂಗೈತಿ ಟೈರು?" ಅನ್ನುತ್ತಿದ್ದರು. ಗುಡ್ಡದ ಬುಡದ ಹಳ್ಳಕ್ಕೆ ಇಳಿಯುವವರೆಗೆ ಛಲೋ ಇದ್ದವು. ಹಳ್ಳದಲ್ಲಿ ಮಣ್ಣಿನ ಗುಣ ಬೇರೆ, ತಳ ಸಿಗದ ರಾಡಿ. ನಾಲ್ಕೂ ಗಾಲಿ ಗರಗರ ತಿರುಗಿದವು, ಜೀಪು ನಿಂತಲ್ಲಿಯೇ ಕೆಳಗಿಳಿಯಿತು.

ಅಲ್ಲಿಂದ ದಡ್ಡಿ ಮೂರು ಮೈಲಿ, ಬರೀ ಏರು. ಇವರು ಫ್ಲಾಸ್ಕು, ಸೂಜಿ ತೆಗೆದುಕೊಂಡು ಯಲ್ಲವ್ವನ ಜೊತೆ ನಡೆದೇ ಹೊರಟರು. "ಪೆಟಿಗಿ ನೋಡ್ಕೋತ ಕುಂಡ್ರು. ಮಂದೀನ ಕಳಸ್ತೇನಿ. ಗಾಡಿ ಮಾತ್ರ ಮುಟ್ಟಬ್ಯಾಡ," ಅಂದರು.

ಅರ್ಧ ಗುಡ್ಡ ಹತ್ತಿದ ಮೇಲೆ ಇವರಿಗೆ ಸಾಬರ ಮಾತು ನೆನಪಾಗಿದೆ. ಅದೇ ಹೊತ್ತಿಗೆ ಮೇಲಿನಿಂದ ಒಬ್ಬ ಅಜ್ಜ, ಅವನ ಜೊತೆ ನಾಲ್ಕು ಜನ ಇಳಿದು ಬರುತ್ತಿದ್ದಾರೆ. ಇವರು ಅಜ್ಜನನ್ನು ನಿಲ್ಲಿಸಿ ಹೇಳಿದ ಮಾತು ಇದು. ಅಜ್ಜ ಆಮೇಲೆ ನನಗೆ ಅಕ್ಷರ ತಪ್ಪದೆ ಒಪ್ಪಿಸಿದ:

"ಕೆಳಗ ಹಳ್ಳದಾಗ ಜೀಪಿನ್ಯಾಗ ನಮ್ಮ ಮನಿಯವರ ಅದಾರ. ಲಗೂನ ಹೋಗಿ ಗಾಳಿ ಬಿಡಸ್ರಿ. ನಾಕೂ ಮಂದಿ ಹೋಗ್ರಿ, ಒಬ್ಬರ ಕೈಲೆ ಆಗೂ ಕೆಲಸಲ್ಲ. ಹಗ್ಗ ಇದ್ರ ಛಲೋ."

ಈಗ ನೀವೇ ಹೇಳಿ, ಕೇಳಿದವನಿಗೆ ಏನು ಅರ್ಥವಾಗಬೇಕು? ಅದರಲ್ಲೂ ಅಜ್ಜ ಕುರಿಗಾರರ ದೇವರು ಬೀರಪ್ಪನ ಪೂಜಾರಿ. ಬೇನೆಬಿದ್ದ ಕುರಿಗಳಿಗೆ ಭಂಡಾರ ಹಚ್ಚಿ ಬರುತ್ತಿದ್ದವನು. ಗಾಳಿ ಬಿಡಿಸುವುದು ಅವನ ಮನೆತನದ ಕೆಲಸ. ಡಾಕ್ಟರರ ಹೆಂಡತಿಗೇ ಗಾಳಿ ಹಿಡಿದಿದೆ, ಡಾಕ್ಟರರ ಕೈಲಿ ಆಗದ್ದಕ್ಕೆ ತನ್ನನ್ನು ಕೇಳುತ್ತಿದ್ದಾರೆ ಎಂದುಕೊಂಡ. ದಾರಿಯಲ್ಲಿ ಬೇವಿನ ತಪ್ಪಲು ಮುರಿದುಕೊಂಡ.

ಅವರು ಬಂದಾಗ ನಾನು ಹೇಗಿದ್ದೆ? ಮೊಣಕಾಲತನಕ ಕೆಸರು. ಗಾಳಿಗೆ ಬಿಚ್ಚಿದ ಕೂದಲು. (ಇದು ಬೀಸುವ ಗಾಳಿ.) ಜೀಪಿನ ಮುಂದೆ ಒಬ್ಬಳೇ ನಿಂತು ಕೈ ಬೀಸಿ ಗಟ್ಟಿಯಾಗಿ ಮಾತಾಡುತ್ತಿದ್ದೆ. ಇವರನ್ನು ಬೈಯುತ್ತಿದ್ದೆ. ನೋಡಿದವರಿಗೆ ಇನ್ನೇನು ಪುರಾವೆ ಬೇಕು?

ಮುಖದ ಮೇಲೆ ಹಿಡಿ ಭಂಡಾರ ಬಿತ್ತು. ಕಣ್ಣು ಬಿಡುವುದರೊಳಗೆ ಅಜ್ಜ ಗದರಿದ:

"ಯಾರ ನೀ? ಯಾವೂರಾಕಿ?"

"ಹುನಗುಂದದಾಕಿರೀ," ಅಂದೆ.

"ಯಾವಾಗ ಬಂದಿ?"

"ಒಂದ ತಾಸಾತ್ರಿ."

"ಹೆಂಗ ಬಂದಿ?"

"ಜೀಪಿನ್ಯಾಗ."

ನಾಲ್ಕೂ ಜನ ಎರಡು ಹೆಜ್ಜೆ ಹಿಂದೆ ಸರಿದರು. ಜೀಪಿನಲ್ಲಿ ಬರುವ ಗಾಳಿಯನ್ನು ಅವರು ಕಂಡಿರಲಿಲ್ಲ. ಅಜ್ಜ ಮಾತ್ರ ಅಳುಕಲಿಲ್ಲ, ಬೇವಿನ ತಪ್ಪಲಿಂದ ನನ್ನ ಭುಜಕ್ಕೆ ಎರಡು ಬಿಗಿದ. "ಏನ ಕೊಟ್ರ ಹೋಗ್ತಿ ಹೇಳು!"

"ಒಂದ ಕಪ್ಪ ಚಾ ಕೊಟ್ರ ಪುಣ್ಯಾ ಬರ್ತೈತ್ರಿ. ಹೋಗೂದು ಮಾತ್ರ ಈ ಟೈರಿನ ಗಾಳಿ ಬಿಟ್ಟ ಮ್ಯಾಲ!"

ಎತ್ತಿದ ಕೈ ಹಾಗೇ ನಿಂತಿತು. ಅಜ್ಜ ಟೈರು ನೋಡಿದ. ನನ್ನನ್ನು ನೋಡಿದ. "ಆ ಗಾಳೇನ ಯವ್ವಾ!" ಎಂದು ತಲೆಯ ರುಮಾಲು ತೆಗೆದು ಕೆಸರಿನಲ್ಲೇ ಕೂತುಬಿಟ್ಟ. ಆಮೇಲೆ ನಾವೆಲ್ಲ ನಕ್ಕದ್ದು ಗುಡ್ಡದ ಮೇಲೆ ಇವರಿಗೆ ಕೇಳಿಸಿರಬೇಕು.

ಜಾಲಿಮುಳ್ಳಿನಿಂದ ವಾಲ್ವ್ ಒತ್ತಿ ನಾಲ್ಕೂ ಟೈರಿನ ಅರ್ಧ ಗಾಳಿ ಇಳಿಸಿದೆ. ಬುಸ್ ಎಂದು ಹೋಗುವಾಗ ಅಜ್ಜ ಕಿವಿಗೊಟ್ಟು ಕೇಳಿ, "ಇಷ್ಟ ವರ್ಷದಾಗ ಗಾಳಿ ಹೋಗೂ ಸಪ್ಪಳಾ ಇವತ್ತ ಕೇಳಿದೆ ನೋಡು," ಅಂದ. ಟೈರು ಕೆಳಗೆ ಹರವಿಕೊಂಡು ಕೂತವು. ಒಬ್ಬನಿಗೆ ಹಗ್ಗ, ಮೂವರಿಗೆ ಹಿಂದಿನ ಬಾಗಿಲು. ನಾನು ಮೊದಲ ಗೇರಿಗೆ ಹಾಕಿ ಮೆಲ್ಲಗೆ ಕ್ಲಚ್ ಬಿಟ್ಟೆ. ಜೀಪು ಒಂದು ಸಲ ಕೆಮ್ಮಿ, ಹಳ್ಳದಿಂದ ಎದ್ದು ಬಂತು.

ಈಗ ಪೆಟ್ಟಿಗೆ ತೆರೆದು ನೋಡಿದೆ. ಮುಕ್ಕಾಲು ನೀರು. ತೇಲುತ್ತಿದ್ದ ಐಸು ಎರಡು ಬೊಗಸೆ ಆದೀತು.

"ಹೊತಗೊಂಡ ಹೋಗ್ತೇವ್ರಿ," ಅಂದರು ಅವರು. ಆ ಭಾರ ಹೊತ್ತು ಈ ಏರು ಹತ್ತಲು ಒಂದೂವರೆ ತಾಸು. ಜೀಪಿಗಾದರೆ ಕಾಲು ತಾಸು. ಓಡಿಸುವವರು ಗುಡ್ಡದ ಮೇಲೆ. ಯಲ್ಲವ್ವ ಚೌಕಟ್ಟು ಹಿಡಿದು ನಿಂತದ್ದು ಕಣ್ಣಮುಂದೆ ಬಂತು. "ಹತ್ರಿ," ಅಂದೆ.

"ಗಾಡಿ ಹೊಡಿಯಾವರು?" ಅಂದ ಅಜ್ಜ.

"ನಾನ."

ಅಜ್ಜ ಒಂದು ಚಿಟಿಕೆ ಭಂಡಾರ ಸ್ಟೀರಿಂಗಿಗೆ ಹಚ್ಚಿ, ಇನ್ನೊಂದು ಚಿಟಿಕೆ ತನ್ನ ಹಣೆಗೇ ಹಚ್ಚಿಕೊಂಡು ನನ್ನ ಪಕ್ಕದಲ್ಲಿ ಕೂತ.

ನನಗೆ ಹೆದರಿಕೆಯಾಗಿತ್ತು. ಧೈರ್ಯವಿತ್ತು ಅಂತ ಇಲ್ಲಿ ಬರೆದರೆ ಯಾರು ನೋಡಿದ್ದಾರೆ? ಆದರೂ ಇದ್ದದ್ದು ಹೇಳುತ್ತೇನೆ. ಒಂದು ಬದಿಗೆ ಕೆಂಪು ಬಂಡೆ, ಇನ್ನೊಂದು ಬದಿಗೆ ಏನೂ ಇಲ್ಲ. ಕಾಲೇಜು ಮೈದಾನದಲ್ಲಿ ಏರು ಇರಲಿಲ್ಲ. ಒಂದು ತಿರುವಿನಲ್ಲಿ ಜೀಪು ಹಿಂದಕ್ಕೆ ಗೇಣಿನಷ್ಟು ಜಾರಿತು, ಹಿಂದೆ ಪೆಟ್ಟಿಗೆ ಅಪ್ಪಿಕೊಂಡಿದ್ದವರು ಬೀರಪ್ಪನನ್ನು ಕರೆದರು, ನಾನೂ ಕರೆದೆ. ಆಕ್ಸಿಲರೇಟರ್ ಜಾಸ್ತಿ ಒತ್ತಲಿಲ್ಲ. ಮೆತ್ತಗಾಗಿದ್ದ ಟೈರು ಕಲ್ಲಿನ ಮೇಲೆ ಒಂದು ಕ್ಷಣ ನಿಂತು, ಹಿಡಿದುಕೊಂಡು, ಹತ್ತಿತು.

ಮೇಲೆ ಮೊದಲು ಓಡಿ ಬಂದವಳು ಯಲ್ಲವ್ವ. ನನ್ನನ್ನು ನೋಡಲಿಲ್ಲ, ಜೀಪನ್ನೂ ನೋಡಲಿಲ್ಲ. ಪೆಟ್ಟಿಗೆಯ ಮುಚ್ಚಳ ತೆಗೆದು ಮೊಣಕೈತನಕ ಕೈ ಇಳಿಸಿದಳು. ಹುಡುಕಿದಳು. "ಐತ್ರೀ! ಇನ್ನಾ ಐತಿ!" ಎಂದು ಅಂಗೈಯಲ್ಲಿ ಸಣ್ಣದೊಂದು ಐಸಿನ ತುಂಡು ಎತ್ತಿ ಹಿಡಿದಳು. ಆಗ ಅತ್ತಳು. ನಾನೂ ಅತ್ತೆ.

(ಆಮೇಲೆ ಮೂರು ಕುರಿ ಸತ್ತವು. ಉಳಿದವು ನೆಟ್ಟಗಿವೆ ಎಂದು ನಿನ್ನೆ ಸುದ್ದಿ ಬಂದಿದೆ.)

ಇವರ ಫ್ಲಾಸ್ಕು ಆಗಲೇ ಖಾಲಿಯಾಗಿತ್ತು. ಹೊಸ ಬಾಟಲಿಯಿಂದ ನಾಲ್ಕಾರು ಕುರಿಗೆ ಚುಚ್ಚಿದ ಮೇಲೆ ಕೈ ಒರೆಸಿಕೊಳ್ಳುತ್ತ ಜೀಪಿನ ಹತ್ತಿರ ಬಂದರು. ಒಂದು ಸುತ್ತು ಹಾಕಿದರು. ಬಗ್ಗಿ ಟೈರು ಮುಟ್ಟಿದರು. ಮುಖ ಅರಳಿತು.

"ನೋಡಿದೇನ, ಎಂಥಾ ಟೈರು! ಮೂರ ವಾರ ತಿರುಗಿದ್ದು ದಂಡ ಆಗಲಿಲ್ಲ. ಎಂಥಾ ಗುಡ್ಡ ಹತ್ತಿ ಬಂದಾವ ನೋಡು!"

ನಾಲ್ಕೂ ಜನ ಹೌದು ಹೌದು ಅಂದರು. ಒಬ್ಬ ಟೈರಿನ ಹಲ್ಲು ಸವರಿ ನೋಡಿದ. ಸುಳ್ಳು ಯಾಕೆ ಹೇಳಲಿ, ನನಗೆ ಬಹಳ ಬೇಜಾರಾಯಿತು. ನಮ್ಮ ಮನೆಗಳಲ್ಲಿ ಇದು ಹೊಸದೂ ಅಲ್ಲ. ರೊಟ್ಟಿ ಮೆತ್ತಗೆ ಬಂದರೆ ಈ ಸಲ ಜೋಳ ಛಲೋ ಐತಿ ಅನ್ನುತ್ತಾರೆ. ಬಿರುಸಾದರೆ ಯಾರ ಕೈ ನೋಡುತ್ತಾರೆ? ಅಜ್ಜ ಕೊನೆಗೂ ತರಿಸಿಕೊಟ್ಟ ಚಹಾ ಕುಡಿಯುತ್ತ ಕೂತೆ.

ಯಲ್ಲವ್ವ ಮುಂದಿನ ಕುರಿಯನ್ನು ಮೊಣಕಾಲಲ್ಲಿ ಹಿಡಿದುಕೊಂಡು ಸೂಜಿಗೆ ಕಾಯುತ್ತಿದ್ದಳು. ತಲೆ ಎತ್ತದೆ ಕೇಳಿದಳು:

"ಹಂಗಾರ ಸಾಹೇಬ್ರ, ಇವೇ ಗಾಲಿ ಮುಂಜಾನಿ ನಿಮ್ಮ ಕೈಯಾಗ ಇದ್ದಾಗ ಯಾಕ ಹತ್ತಲಿಲ್ರಿ?"